ಒಂದು ದಿನದ ಸವಾರಿ, ಹನ್ನೆರಡು ತಿಂಗಳ ಇನ್ಸುಲಿನ್

ಮಕ್ಕಳ ಕಾಯಿಲೆಗೆಂದು ಹಣ ಕೂಡಿಸಲು ಸೈಕಲ್ ಸವಾರಿ ಏರ್ಪಡಿಸುವವರ ಮೊದಲ ಸಭೆಯಲ್ಲಿ ಮಾತು ಸಾಮಾನ್ಯವಾಗಿ ಮಾರ್ಗ, ದೂರ, ಟೀ ಶರ್ಟಿನ ಬಣ್ಣ, ಬಾವುಟ ತೋರಿಸಲು ಯಾರನ್ನು ಕರೆಯುವುದು ಎಂಬುದರ ಸುತ್ತಲೇ ತಿರುಗುತ್ತದೆ. ಅವೆಲ್ಲ ಬೇಕು, ಆದರೆ ಆಮೇಲೆ. ಆ ಸಭೆಯ ಮೇಜಿನ ಮೇಲೆ ಮೊದಲು ಇರಬೇಕಾದ್ದು ಒಂದು ಹಾಳೆ: ಕಾಯಿಲೆಯಿರುವ ಒಂದು ಮಗುವಿಗೆ ಒಂದು ತಿಂಗಳಿಗೆ ಏನೇನು ಬೇಕು, ಎಷ್ಟೆಷ್ಟು ಬೇಕು. ದೀರ್ಘಕಾಲದ ಕಾಯಿಲೆಯ ಖರ್ಚು ತಿಂಗಳು ತಪ್ಪದೆ ಬರುತ್ತದೆ. ಸವಾರಿ ವರ್ಷಕ್ಕೊಮ್ಮೆ ಬರುತ್ತದೆ. ನಡುವಿನ ಆ ಹನ್ನೊಂದು ತಿಂಗಳನ್ನು ಹೇಗೆ ದಾಟಿಸುತ್ತೇವೆ ಎಂಬುದನ್ನು ಮೊದಲೇ ಬಗೆಹರಿಸಿಕೊಂಡ ಸವಾರಿಯೇ ಮಕ್ಕಳಿಗೆ ಉಪಯೋಗಕ್ಕೆ ಬರುವುದು.

ಈ ಬರಹದುದ್ದಕ್ಕೂ ಟೈಪ್ 1 ಮಧುಮೇಹವನ್ನೇ ಹಿಡಿದುಕೊಂಡು ಹೇಳುತ್ತೇನೆ. ಆಸ್ತಮಾ, ಥಲಸ್ಸೀಮಿಯಾ, ಹೀಮೋಫಿಲಿಯಾ ಯಾವುದಾದರೂ ಪಟ್ಟಿಯ ಸಾಮಾನು ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಾಗುವುದು ನಿಂತುಹೋಗುತ್ತದೆ, ಹೊರಗಿನಿಂದಲೇ ಕೊಡಬೇಕು. ಮಗು ಸಿಹಿ ಹೆಚ್ಚು ತಿಂದದ್ದಕ್ಕೋ ತಾಯ್ತಂದೆ ಬೆಳೆಸಿದ ರೀತಿಗೋ ಇದು ಬರುವುದಿಲ್ಲ. ಸವಾರಿಯ ಕರಪತ್ರದಲ್ಲಿ ಈ ಒಂದು ಮಾತು ದಪ್ಪಕ್ಷರದಲ್ಲಿ ಇರಲಿ, ಎಷ್ಟೋ ಮನೆಗಳು ಈ ಆಪಾದನೆಯನ್ನು ಹೊತ್ತುಕೊಂಡೇ ಬದುಕುತ್ತಿವೆ. 1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸುವವರೆಗೆ ಈ ಕಾಯಿಲೆ ಬಂದ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯ ಬಿಟ್ಟರೆ ಬೇರೆ ಉಪಾಯವಿರಲಿಲ್ಲ. ಅದೂ ಸಾವನ್ನು ಸ್ವಲ್ಪ ಮುಂದೂಡುತ್ತಿತ್ತು, ಅಷ್ಟೆ. 1922ರ ಜನವರಿಯಲ್ಲಿ ಬಾಲಕ ಲೆನರ್ಡ್ ಥಾಮ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅಲ್ಲಿಂದಾಚೆ ಈ ಕಾಯಿಲೆ ಬದುಕಿಡೀ ಜೊತೆಗಿರುವ ಕಾಯಿಲೆಯಾಯಿತು. ಔಷಧ ಇದ್ದಷ್ಟು ದಿನ ಬದುಕು. ಪೂರ್ತಿ ನಿಂತರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಕೀಟೋನ್ (ದೇಹ ಸಕ್ಕರೆಯ ಬದಲು ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲ) ಏರಿ ಪ್ರಾಣಕ್ಕೇ ಸಂಚಕಾರ. ದೇಣಿಗೆ ಎತ್ತುವವರು ಮರೆಯಬಾರದ ಸಂಗತಿ ಇದು. ಇಲ್ಲಿ ಅರ್ಧ ವರ್ಷದ ನೆರವು ಎನ್ನುವುದು ಅರ್ಧ ನೆರವೂ ಆಗುವುದಿಲ್ಲ.

ಈಗ ಹಾಳೆಗೆ ಬರೋಣ. 30 ಕಿಲೋ ತೂಕದ ಮಗು ಎಂದಿಟ್ಟುಕೊಳ್ಳಿ. ಪ್ರೌಢಾವಸ್ಥೆಗೆ ಮುಂಚಿನ ಮಕ್ಕಳಿಗೆ ದಿನಕ್ಕೆ ಕಿಲೋಗೆ ಸುಮಾರು 0.7ರಿಂದ 1 ಯೂನಿಟ್ ಇನ್ಸುಲಿನ್ ಬೇಕಾಗುತ್ತದೆ. 0.8 ಎಂದು ಹಿಡಿದರೆ ದಿನಕ್ಕೆ 24 ಯೂನಿಟ್, ತಿಂಗಳಿಗೆ 720. ಒಂದು 10 ಮಿ.ಲೀ. ಸೀಸೆಯಲ್ಲಿ, ಮಿಲಿಲೀಟರಿಗೆ 100 ಯೂನಿಟ್ ಬಗೆಯದಾದರೆ, 1000 ಯೂನಿಟ್ ಇರುತ್ತದೆ. ಹಾಗಾದರೆ ಒಂದು ಸೀಸೆ ಸಾಕಲ್ಲ ಎಂದು ಲೆಕ್ಕ ಮುಗಿಸುವವರಿದ್ದಾರೆ. ಸಾಕಾಗುವುದಿಲ್ಲ. ಮಗುವಿಗೆ ಎರಡು ಬಗೆಯ ಇನ್ಸುಲಿನ್ ಬೇಕು: ಇಡೀ ದಿನ ನಿಧಾನವಾಗಿ ಕೆಲಸ ಮಾಡುವುದು ಒಂದು, ಊಟದ ಹೊತ್ತಿಗೆ ಬೇಗ ಕೆಲಸ ಮಾಡುವುದು ಇನ್ನೊಂದು. ಹೆಚ್ಚುಕಡಿಮೆ ಅರ್ಧರ್ಧ ಎಂದರೆ ತಿಂಗಳಿಗೆ ತಲಾ 360 ಯೂನಿಟ್. ತೆರೆದ ಸೀಸೆಯನ್ನು ಸಾಮಾನ್ಯವಾಗಿ 28 ದಿನಗಳ ಮೇಲೆ ಬಳಸುವಂತಿಲ್ಲ, ಆದ್ದರಿಂದ ತಿಂಗಳಿಗೆ ಎರಡು ಸೀಸೆ ತೆರೆಯಲೇಬೇಕು, ಪ್ರತಿಯೊಂದರಲ್ಲೂ ಅರ್ಧಕ್ಕಿಂತ ಹೆಚ್ಚು ಚೆಲ್ಲಬೇಕು.

ಅದೇ ಮಗುವಿಗೆ ಇನ್ಸುಲಿನ್ ಪೆನ್ನಿಗೆ ಹಾಕುವ 3 ಮಿ.ಲೀ. ಕಾರ್ಟ್ರಿಜ್ ತೆಗೆದುಕೊಂಡರೆ ಲೆಕ್ಕ ಬೇರೆ. ಒಂದರಲ್ಲಿ 300 ಯೂನಿಟ್. ಪ್ರತಿ ಸಲ ಚುಚ್ಚುವ ಮುಂಚೆ ಸೂಜಿಯ ಗಾಳಿ ತೆಗೆಯಲು 2 ಯೂನಿಟ್ ಹೊರಬಿಡಬೇಕು. ದಿನಕ್ಕೊಮ್ಮೆಯ ನಿಧಾನದ ಇನ್ಸುಲಿನ್‌ಗೆ ತಿಂಗಳಿಗೆ 420, ದಿನಕ್ಕೆ ಮೂರು ಸಲದ ಬೇಗದ ಇನ್ಸುಲಿನ್‌ಗೆ 540. ಎರಡೆರಡು ಕಾರ್ಟ್ರಿಜ್, ಒಟ್ಟು ನಾಲ್ಕು. ಚೆಲ್ಲುವುದು ಕಡಿಮೆ, ಆದರೆ ಪೆನ್ನು ಬೇಕು, ಸೂಜಿ ಬೇಕು. ಚಿಕ್ಕ ಮಕ್ಕಳ ವಿಷಯದಲ್ಲಿ ಸೀಸೆ ಅಗ್ಗ ಎನ್ನುವ ಮಾತು ಪ್ರತಿ ಸಲವೂ ನಿಲ್ಲುವುದಿಲ್ಲ, ಕೂತು ಲೆಕ್ಕ ಹಾಕಿ ನೋಡಬೇಕು.

ರಕ್ತದ ಸಕ್ಕರೆ ನೋಡುವ ಪರೀಕ್ಷಾ ಸ್ಟ್ರಿಪ್‌ನದು ಇನ್ನೂ ದೊಡ್ಡ ಕಥೆ. ದಿನಕ್ಕೆ ಐದು ಸಲ ನೋಡಿದರೆ ವರ್ಷಕ್ಕೆ 1825. ಜ್ವರ ಬಂದ ದಿನ, ಓಡಾಟ ಹೆಚ್ಚಾದ ದಿನ, ರಕ್ತ ಸಾಲದೆ ಹಾಳಾದ ಸ್ಟ್ರಿಪ್ ಸೇರಿಸಿದರೆ 2000, ಅಂದರೆ 50ರ ಡಬ್ಬಿ 40. ಹಣ ಕಡಿಮೆ ಬಿದ್ದಾಗ ಮನೆಯವರು ಮೊದಲು ಕೈಬಿಡುವುದು ಸ್ಟ್ರಿಪ್ಪನ್ನೇ. ಇನ್ಸುಲಿನ್ ಬಿಟ್ಟರೆ ಮಗು ಕಾಯಿಲೆ ಬೀಳುವುದು ಕಣ್ಣಿಗೆ ಕಾಣುತ್ತದೆ. ಸ್ಟ್ರಿಪ್ ಬಿಟ್ಟರೆ ಆ ದಿನ ಏನೂ ಕಾಣುವುದಿಲ್ಲ. ಅಳತೆಯಿಲ್ಲದೆ ಅಂದಾಜಿನ ಮೇಲೆ ಕೊಡುವ ಇನ್ಸುಲಿನ್ ಅಪಾಯದ್ದು, ಆದ್ದರಿಂದ ನೆರವಿನ ಪಟ್ಟಿಯಲ್ಲಿ ಸ್ಟ್ರಿಪ್ ಇನ್ಸುಲಿನ್‌ನಷ್ಟೇ ಮೇಲಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ಬೆರಳು ಚುಚ್ಚುವ ಲ್ಯಾನ್ಸೆಟ್, ಸಿರಿಂಜ್ ಅಥವಾ ಪೆನ್ ಸೂಜಿ, ಕೀಟೋನ್ ಸ್ಟ್ರಿಪ್, ಸಕ್ಕರೆ ತೀರಾ ಕುಸಿದಾಗ ಏರಿಸಲು ಮನೆಗೊಂದು ಗ್ಲೂಕಗಾನ್ ಚುಚ್ಚುಮದ್ದು, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವುದು) ಸೇರಿಸಿ. ಹಾಳೆ ತುಂಬಿತು.

ಈ ಹಾಳೆಯ ಒಟ್ಟು ಮೊತ್ತವನ್ನು ಹನ್ನೆರಡರಿಂದ ಗುಣಿಸಿದರೆ ಒಂದು ಮಗುವಿನ ವರ್ಷ. ಸವಾರಿಯಿಂದ ಖಚಿತವಾಗಿ ಕೈಗೆ ಬರುವ ಹಣದಲ್ಲಿ ಐದರಲ್ಲೊಂದು ಭಾಗವನ್ನು, ಅಂದರೆ ಮೂರು ತಿಂಗಳ ಖರ್ಚನ್ನು, ಆಪತ್ತಿಗೆಂದು ಪಕ್ಕಕ್ಕಿಟ್ಟು ಉಳಿದದ್ದನ್ನು ಈ ಮೊತ್ತದಿಂದ ಭಾಗಿಸಿ. ಬರುವ ಉತ್ತರ ಎಷ್ಟೋ ಅಷ್ಟೇ ಮಕ್ಕಳು. ನಲವತ್ತು ಮಕ್ಕಳಿಗೆ ಮೂರು ತಿಂಗಳು ಕೊಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಹತ್ತು ಮಕ್ಕಳಿಗೆ ವರ್ಷವಿಡೀ ಕೊಡುವುದು ಮೇಲು. ಉಳಿದ ಮೂವತ್ತು ಮಕ್ಕಳ ಮನೆಯವರಿಗೆ ಇಲ್ಲ ಎಂದು ಹೇಳುವುದು ಕರುಳು ಹಿಂಡುವ ಕೆಲಸ, ಗೊತ್ತು. ಆದರೂ ನಾಲ್ಕನೆಯ ತಿಂಗಳು ಬರಿಗೈಯಲ್ಲಿ ಕಳಿಸುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಅಷ್ಟರೊಳಗೆ ಆ ಮನೆಯವರು ತಾವು ಮೊದಲು ಮಾಡಿಕೊಂಡಿದ್ದ ಬೇರೆ ಏರ್ಪಾಡನ್ನು ಬಿಟ್ಟಿರುತ್ತಾರೆ.

ವಸ್ತು ರೂಪದ ದಾನದ ಬಗ್ಗೆ ಎಚ್ಚರ ಬೇಕು. ನೂರು ಗ್ಲೂಕೋಮೀಟರ್ ಉಚಿತವಾಗಿ ಬಂದರೆ ಸಂತೋಷವಾಗುತ್ತದೆ, ಆದರೆ ಒಂದು ಕಂಪನಿಯ ಮೀಟರಿಗೆ ಅದೇ ಕಂಪನಿಯ ಸ್ಟ್ರಿಪ್ ಮಾತ್ರ ಹೊಂದುತ್ತದೆ. ಆ ಸ್ಟ್ರಿಪ್ ದುಬಾರಿಯಾಗಿದ್ದರೆ ಅಥವಾ ಸುಲಭವಾಗಿ ಸಿಗದಿದ್ದರೆ ನೂರು ಮೀಟರುಗಳೂ ಡ್ರಾಯರ್ ಸೇರುತ್ತವೆ. ಮೊದಲು ಸ್ಟ್ರಿಪ್ ಯಾವುದೆಂದು ತೀರ್ಮಾನಿಸಿ, ಆಮೇಲೆ ಅದಕ್ಕೆ ಹೊಂದುವ ಮೀಟರ್ ತೆಗೆದುಕೊಳ್ಳಿ. ಸಿರಿಂಜಿನ ಅದಲುಬದಲು ಇದಕ್ಕಿಂತ ಅಪಾಯ. ಕೆಲವು ದೇಶಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಸೀಸೆಗಳೂ 100 ಯೂನಿಟ್‌ನವೂ ಒಟ್ಟಿಗೆ ಚಲಾವಣೆಯಲ್ಲಿವೆ, ಎರಡಕ್ಕೂ ಸಿರಿಂಜ್ ಬೇರೆ ಬೇರೆ. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ 10 ಯೂನಿಟ್ ಎಂದುಕೊಂಡದ್ದು 25 ಆಗುತ್ತದೆ. 100ರ ಸಿರಿಂಜಿನಲ್ಲಿ 40ರದ್ದು ಎಳೆದರೆ 10 ಎಂದುಕೊಂಡದ್ದು 4 ಮಾತ್ರ. ಮೊದಲನೆಯದರಲ್ಲಿ ಸಕ್ಕರೆ ಕುಸಿದು ಮಗುವಿಗೆ ಪ್ರಜ್ಞೆ ತಪ್ಪಬಹುದು, ಎರಡನೆಯದರಲ್ಲಿ ಸಕ್ಕರೆ ಏರುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಆದರೂ ಬಣ್ಣ ನಂಬಬೇಡಿ, ಮೇಲೆ ಮುದ್ರಿಸಿದ್ದನ್ನು ಓದಿ. ಒಂದು ನೆರವಿನ ಗುಂಪು ಒಂದೇ ಬಗೆಯನ್ನು ಹಂಚುವ ನಿಯಮ ಮಾಡಿಕೊಂಡರೆ ಈ ತಲೆನೋವೇ ಇರುವುದಿಲ್ಲ.

ಮನೆಯಲ್ಲಿ ಉಳಿದದ್ದು ಎಂದು ಯಾರಾದರೂ ತಂದುಕೊಡುವ ಇನ್ಸುಲಿನ್ ತೆಗೆದುಕೊಳ್ಳಲೇಬಾರದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಶಕ್ತಿ ಹೋಗಿರುತ್ತದೆ. ಯಾರ ಮನೆಯ ಫ್ರಿಜ್ಜಿನಲ್ಲಿ ಹೇಗಿತ್ತೋ ಯಾರು ಬಲ್ಲರು. ನಿಮ್ಮ ದಾಸ್ತಾನಿನ ಫ್ರಿಜ್ಜಿನಲ್ಲೂ ಬಾಗಿಲಿನ ಗೂಡಿನಲ್ಲಿ ಇಡಬೇಡಿ, ಫ್ರೀಜರಿಗೆ ತಾಗಿಸಿಯೂ ಇಡಬೇಡಿ. ನಡು ತಟ್ಟೆಯಲ್ಲಿ ಥರ್ಮಾಮೀಟರ್ ಜೊತೆಗಿಟ್ಟು ದಿನಕ್ಕೆ ಎರಡು ಸಲ ಬರೆದಿಡಿ. ಅವಧಿ ಮೊದಲು ಮುಗಿಯುವ ಪೆಟ್ಟಿಗೆ ಮುಂದೆ ಇರಲಿ.

ಹಣ ಎತ್ತುವ ವಿಧಾನಕ್ಕೆ ಬಂದರೆ, ಪ್ರತಿ ಕಿಲೋಮೀಟರಿಗೆ ಇಷ್ಟು ಎಂಬ ವಾಗ್ದಾನ ಕೇಳಲು ಚೆಂದ, ವಸೂಲಿಗೆ ಕಷ್ಟ. ಸವಾರ ಗುರಿ ಮುಟ್ಟಿದ ಮೇಲೆ ಒಬ್ಬೊಬ್ಬರನ್ನೂ ಮತ್ತೆ ಹುಡುಕಿಕೊಂಡು ಹೋಗಬೇಕು, ಅಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ದೇಣಿಗೆಯನ್ನು ಸವಾರಿಗೆ ಮೊದಲೇ ಪೂರ್ತಿ ಪಡೆಯುವುದು ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದು ಹನ್ನೆರಡು ತಿಂಗಳ ಚಿಕ್ಕ ಕಂತು. ಒಬ್ಬ ಸವಾರ ಐದು ಜನ ಕಂತುದಾರರನ್ನು ತಂದರೆ, ಒಂದೇ ಸಲ ದೊಡ್ಡ ಮೊತ್ತ ತಂದವನಿಗಿಂತ ಮಗುವಿಗೆ ಹೆಚ್ಚು ಆಸರೆ. ಕೇಳುವಾಗಲೂ ಗುರಿಯನ್ನು ಮೊತ್ತದಲ್ಲಿ ಹೇಳಬೇಡಿ, ಸಾಮಾನಿನಲ್ಲಿ ಹೇಳಿ: ಈ ಕಂತು ತಿಂಗಳಿಗೆ ಒಂದು ಡಬ್ಬಿ ಸ್ಟ್ರಿಪ್, ಈ ಕಂತು ಎರಡು ಕಾರ್ಟ್ರಿಜ್. ಕೊಡುವವರಿಗೆ ತಮ್ಮ ಹಣ ಎಲ್ಲಿ ಹೋಯಿತೆಂದು ಗೊತ್ತಿದ್ದರೆ ಕಂತು ನಿಲ್ಲಿಸಲು ಮನಸ್ಸು ಬರುವುದಿಲ್ಲ.

ಸವಾರಿಯ ಖರ್ಚನ್ನು ದೇಣಿಗೆಯಿಂದ ತೆಗೆಯಬಾರದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ 36 ಸವಾರರೊಂದಿಗೆ ಶುರುವಾದ ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಸವಾರಿ ಈ ವಿಷಯದಲ್ಲಿ ಮಾದರಿ. ಅದು ನೆರವಾಗುವುದು ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ. ಸವಾರರು ಎತ್ತಿದ ಹಣ ಪೂರ್ತಿಯಾಗಿ ಸಂಸ್ಥೆಗೆ ಹೋಗುತ್ತದೆ, ಏರ್ಪಾಡಿನ ಖರ್ಚನ್ನು ನೋಂದಣಿ ಶುಲ್ಕ ಮತ್ತು ಪ್ರಾಯೋಜಕರಿಂದ ಹೊಂದಿಸುತ್ತಾರೆ. ಪ್ರತಿ ಸವಾರನೂ ಇಂತಿಷ್ಟು ಎತ್ತುತ್ತೇನೆಂದು ಮೊದಲೇ ಒಪ್ಪಿಕೊಂಡಿರುತ್ತಾನೆ. ಚಿಕ್ಕ ಸವಾರಿಗೂ ಈ ಎರಡು ನಿಯಮ ಸಾಕು: ಎರಡು ಬೇರೆ ಖಾತೆ, ಒಬ್ಬೊಬ್ಬರಿಗೂ ಕನಿಷ್ಠ ಗುರಿ. ಪದಕ, ಟೀ ಶರ್ಟು, ವೇದಿಕೆ ಇವು ನೋಂದಣಿ ಶುಲ್ಕವನ್ನು ನುಂಗಿಹಾಕುವ ಬಾಬತ್ತುಗಳು. ಶುಲ್ಕ ಮೊದಲು ಹೋಗಬೇಕಾದ್ದು ವಿಮೆ, ಆಂಬ್ಯುಲೆನ್ಸ್ ಮತ್ತು ನೀರಿಗೆ. ಪೊಲೀಸರ ಮತ್ತು ರಸ್ತೆ ಯಾರ ಸುಪರ್ದಿನಲ್ಲಿದೆಯೋ ಅವರ ಅನುಮತಿ ಲಿಖಿತದಲ್ಲಿ ಇರಲಿ, ಬಾಯಿಮಾತಿನ ಒಪ್ಪಿಗೆ ಬೇಡ.

ಇನ್ನು ಮಾರ್ಗ. ಈ ಊರಿಂದ ಆ ಊರಿಗೆ ಎಂಬ ಸವಾರಿಗೆ ಒಂದು ಆಕರ್ಷಣೆಯಿದೆ, ಆದರೆ ಮಧುಮೇಹವಿರುವ ಮಕ್ಕಳೂ ಸೈಕಲ್ ತುಳಿಯಬೇಕಾದರೆ ಸುತ್ತು ಮಾರ್ಗಕ್ಕೆ ಸಾಟಿಯಿಲ್ಲ. ಮಕ್ಕಳು ತುಳಿಯಲೇಬೇಕು. ಅವರ ಹೆಸರಿನಲ್ಲಿ ಸವಾರಿ ನಡೆಯುವಾಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸುವುದು ಅನ್ಯಾಯ. ಟೈಪ್ 1 ಇರುವ ಸವಾರರೇ ತುಂಬಿರುವ ವೃತ್ತಿಪರ ತಂಡವೊಂದಿದೆ, ಟೀಮ್ ನೊವೊ ನಾರ್ಡಿಸ್ಕ್. ಸುಮಾರು 300 ಕಿ.ಮೀ. ಉದ್ದದ ಮಿಲಾನ್–ಸಾನ್ ರೆಮೊ ಪಂದ್ಯದಲ್ಲೂ ಅವರು ಓಡಿದ್ದಾರೆ. ಎಂಟು ಕಿಲೋಮೀಟರ್ ಮಗುವಿಗೆ ಖಂಡಿತ ಆಗುತ್ತದೆ, ಏರ್ಪಾಡು ಸರಿಯಿದ್ದರೆ.

ಆದ್ದರಿಂದ 8 ಕಿ.ಮೀ. ಸುತ್ತು: ದೊಡ್ಡವರಿಗೆ ಐದು ಸುತ್ತು, ಮಕ್ಕಳಿಗೆ ಒಂದು. ಎಲ್ಲರೂ ಪ್ರತಿ ಸುತ್ತಿಗೆ ವೈದ್ಯಕೀಯ ಡೇರೆಯ ಮುಂದೆ ಹಾಯುತ್ತಾರೆ. ಗಂಟೆಗೆ 10 ಕಿ.ಮೀ. ಹೋಗುವ ಮಗುವಿಗೆ ಒಂದು ಸುತ್ತಿಗೆ 48 ನಿಮಿಷ ಬೇಕು, ನಡುವೆ 4 ಕಿ.ಮೀ.ಗೆ ಇನ್ನೊಂದು ಡೇರೆ ಹಾಕಿದರೆ ಅರ್ಧ ಗಂಟೆಯೊಳಗೆ ಒಮ್ಮೆ ಸಕ್ಕರೆ ನೋಡಲು ಆಗುತ್ತದೆ. ಸುತ್ತುವ ದಿಕ್ಕು ಮುಖ್ಯ: ಎಡಬದಿಯ ಸಂಚಾರವಿರುವಲ್ಲಿ ಅಪ್ರದಕ್ಷಿಣವಾಗಿ, ಬಲಬದಿಯ ಸಂಚಾರವಿರುವಲ್ಲಿ ಪ್ರದಕ್ಷಿಣವಾಗಿ ಹೋದರೆ ಎಲ್ಲ ತಿರುವುಗಳೂ ತಮ್ಮ ಬದಿಗೇ ಬರುತ್ತವೆ, ಎದುರು ಬರುವ ವಾಹನಗಳನ್ನು ಅಡ್ಡ ಹಾಯಬೇಕಾಗಿಲ್ಲ. ಸುತ್ತು ಮಾರ್ಗದ ಒಂದು ದೋಷವೆಂದರೆ ವೇಗದವರು ಹಿಂದಿನಿಂದ ಬಂದು ಮಕ್ಕಳನ್ನು ದಾಟುವುದು. ಮಕ್ಕಳ ಸುತ್ತಿಗೆ ಮೊದಲ ಒಂದೂಕಾಲು ಗಂಟೆ ಪ್ರತ್ಯೇಕವಾಗಿ ಕೊಟ್ಟುಬಿಡಿ, ಆಗ ರಸ್ತೆಯಲ್ಲಿ ಬೇರೆ ಸವಾರರು ಇರಬಾರದು.

ಮಾರ್ಗ ನೋಡಲು ಹೋಗುವಾಗ ಸವಾರಿ ನಡೆಯುವ ವಾರದ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಅದೂ ಸೈಕಲ್ ಮೇಲೆ. ಕಾರಿನಲ್ಲಿ ಕೂತವರಿಗೆ ಚಕ್ರ ಸಿಕ್ಕಿಕೊಳ್ಳುವ ಚರಂಡಿಯ ಜಾಲರಿಯೂ ಕಾಣುವುದಿಲ್ಲ, ಏರೂ ಗೊತ್ತಾಗುವುದಿಲ್ಲ. 2 ಕಿ.ಮೀ. ದೂರದಲ್ಲಿ 100 ಮೀಟರ್ ಏರಿದರೆ ಅದು ಶೇ. 5ರ ಏರು, ಗೇರಿಲ್ಲದ ಸೈಕಲ್ಲಿನ ಮಗು ಅಲ್ಲಿ ಇಳಿದು ತಳ್ಳುತ್ತದೆ. ಇಳಿಜಾರು ಅದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಬ್ರೇಕ್ ಹಿಡಿಯುವ ಕೈ ಚಿಕ್ಕದು.

ಪ್ರತಿ ಕೂಡುರಸ್ತೆಗೆ ಒಬ್ಬ ಸ್ವಯಂಸೇವಕ, ದೊಡ್ಡದಾದರೆ ಇಬ್ಬರು. ಅವರು ಎಷ್ಟು ಹೊತ್ತು ನಿಲ್ಲಬೇಕೆಂದು ಮೊದಲೇ ಹೇಳಿ. 40 ಕಿ.ಮೀ.ಯನ್ನು ಗಂಟೆಗೆ 22 ಕಿ.ಮೀ. ವೇಗದವರು ಒಂದು ಗಂಟೆ ಐವತ್ತು ನಿಮಿಷದಲ್ಲಿ ಮುಗಿಸುತ್ತಾರೆ, 12ರವರಿಗೆ ಮೂರು ಗಂಟೆ ಇಪ್ಪತ್ತು ನಿಮಿಷ, ನಿಂತ ಹೊತ್ತು ಬೇರೆ. ಗುಂಪೆಲ್ಲ ಹೋಯಿತು ಎಂದು ಸ್ವಯಂಸೇವಕರು ಮನೆಗೆ ಹೋದ ಮೇಲೆ ಬರುವ ಕೊನೆಯ ಹತ್ತು ಜನರಿಗೆ ಅಪಘಾತವಾಗುತ್ತದೆ. ಕೊನೆಯ ಸವಾರನ ಹಿಂದೆ ಬರುವ ಸೈಕಲ್ಲಿಗೆ ಗುರುತಿನ ಬಾವುಟ ಕಟ್ಟಿ. ಅದು ದಾಟಿದ ಮೇಲೆಯೇ ಜಾಗ ಬಿಡಬೇಕು. 120 ಸವಾರರಿದ್ದರೆ 20ರ ಆರು ಗುಂಪು ಮಾಡಿ ಎರಡೆರಡು ನಿಮಿಷ ಬಿಟ್ಟು ಕಳಿಸಿ, ಹತ್ತು ನಿಮಿಷದಲ್ಲಿ ಎಲ್ಲರೂ ಹೊರಟಿರುತ್ತಾರೆ. ಒಟ್ಟಿಗೆ ಬಿಟ್ಟರೆ ಮೊದಲ ನೂರು ಮೀಟರಿನಲ್ಲೇ ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿ ಬೀಳುತ್ತಾರೆ.

ಸೈಕಲ್ ತಪಾಸಣೆಯನ್ನು ಸವಾರಿಯ ಬೆಳಿಗ್ಗೆ ಮಾಡದೆ ಎರಡು ದಿನ ಮುಂಚೆ ಮಾಡಿದರೆ ರಿಪೇರಿಗೆ ಸಮಯ ಸಿಗುತ್ತದೆ. ಮಕ್ಕಳ ಸೈಕಲ್ಲಿನಲ್ಲಿ ನಾನು ಮೊದಲು ನೋಡಿ ಎನ್ನುವುದು ಬ್ರೇಕ್ ಲಿವರ್. ಬೆರಳು ಲಿವರ್ ಮುಟ್ಟದಿದ್ದರೆ ಬ್ರೇಕ್ ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ಬಹಳಷ್ಟು ಲಿವರುಗಳಲ್ಲಿ ಒಂದು ಚಿಕ್ಕ ತಿರುಪು ಇರುತ್ತದೆ, ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಆಮೇಲೆ ಕೇಬಲ್ ಬಿಗಿ ಸರಿಮಾಡಿ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ತುದಿಬೆರಳು ನೆಲ ಮುಟ್ಟಲಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಕೂರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗದ್ದದ ಕೆಳಗೆ ಒಂದು ಬೆರಳು ಮಾತ್ರ ತೂರಬೇಕು. ಹಿಂದಕ್ಕೆ ಸರಿದು ಹಣೆ ಕಾಣುವ ಹೆಲ್ಮೆಟ್ ಬಿದ್ದಾಗ ಹಣೆಯನ್ನು ಕಾಯುವುದಿಲ್ಲ. ಟೈರಿನ ಗಾಳಿ ಟೈರಿನ ಬದಿಯಲ್ಲೇ ಬರೆದಿರುತ್ತದೆ, ಹಗುರ ಮಗುವಿಗೆ ಬರೆದಿರುವ ಕನಿಷ್ಠದ ಹತ್ತಿರ ಸಾಕು.

ಪಂಕ್ಚರ್ ಆದರೆ ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಗೆ ಬಟ್ಟೆ ಹಿಡಿದು ಸುತ್ತ ಒಮ್ಮೆ ಸವರಿ. ಮುಳ್ಳೋ ಗಾಜಿನ ಚೂರೋ ಅಲ್ಲೇ ಉಳಿದು ಹೊಸ ಟ್ಯೂಬೂ ಐದು ನಿಮಿಷದಲ್ಲಿ ತೂತಾಗುವುದು ತೀರಾ ಸಾಮಾನ್ಯ. ಅಕ್ಕಪಕ್ಕದಲ್ಲಿ ಎರಡು ತೂತಿದ್ದರೆ ಅದು ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ ಟ್ಯೂಬನ್ನು ಕಚ್ಚಿದ ಗುರುತು, ಮುಳ್ಳು ಹುಡುಕುವುದು ವ್ಯರ್ಥ. ರಿಪೇರಿ ಗಾಡಿಯಲ್ಲಿ 20, 24, 26 ಇಂಚಿನ ಮತ್ತು 700ಸಿ ಟ್ಯೂಬುಗಳಿರಲಿ, ಪಂಪು ದಪ್ಪ ವಾಲ್ವಿಗೂ ಸಣ್ಣ ಪ್ರೆಸ್ಟಾ ವಾಲ್ವಿಗೂ ಹೊಂದುವಂತಿರಲಿ. ಇನ್ನೊಂದು ಮಾತು: ಚಕ್ರ ಬಿಚ್ಚಲೆಂದು ವಿ-ಬ್ರೇಕನ್ನು ಕಳಚಿದವರು ಚಕ್ರ ಹಾಕಿದ ಮೇಲೆ ಮತ್ತೆ ಸಿಕ್ಕಿಸುವುದನ್ನು ಮರೆಯುತ್ತಾರೆ. ರಿಪೇರಿಯಾದ ಪ್ರತಿ ಸೈಕಲ್ಲಿನ ಎರಡೂ ಬ್ರೇಕ್ ಹಿಡಿದು ನೋಡಿಯೇ ಸವಾರನಿಗೆ ಕೊಡಿ.

ಈಗ ಸಕ್ಕರೆಯ ವಿಷಯ, ಇದರಲ್ಲಿ ಅವಸರ ಸಲ್ಲ. ಪ್ರತಿ ಮಗುವಿಗೂ ಅದರ ವೈದ್ಯರು ಬರೆದುಕೊಟ್ಟ ಸವಾರಿ ದಿನದ ಯೋಜನೆ ಇರಬೇಕು, ಇಲ್ಲಿರುವ ಸಂಖ್ಯೆಗಳು ಡೇರೆಯಲ್ಲಿ ಕೂತವರಿಗೆ ದಿಕ್ಕು ತಿಳಿಯಲೆಂದು. ಹಿಂದಿನ 24 ಗಂಟೆಯಲ್ಲಿ ಬೇರೆಯವರ ಸಹಾಯ ಬೇಕಾಗುವಷ್ಟು ಸಕ್ಕರೆ ಕುಸಿದಿದ್ದರೆ ಆ ದಿನ ಸವಾರಿ ಬೇಡ. ಹೊರಡುವ ಮುಂಚೆ ಡೆಸಿಲೀಟರಿಗೆ 90 ಮಿ.ಗ್ರಾಂಗಿಂತ ಕಡಿಮೆಯಿದ್ದರೆ 10–15 ಗ್ರಾಂ ಕಾರ್ಬೋಹೈಡ್ರೇಟ್ ಕೊಟ್ಟು ಕಾಯಬೇಕು. 270 ದಾಟಿದ್ದರೆ ಕೀಟೋನ್ ನೋಡಬೇಕು. ರಕ್ತದ ಕೀಟೋನ್ ಲೀಟರಿಗೆ 1.5 ಮಿಲಿಮೋಲ್ ಅಥವಾ ಮೇಲಿದ್ದರೆ ಸೈಕಲ್ ಹತ್ತುವಂತಿಲ್ಲ, 0.6ರಿಂದ 1.4 ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಹೊರಡುವ ಗೆರೆಯಲ್ಲಿ ಉದ್ವೇಗಕ್ಕೇ ಸಕ್ಕರೆ ಏರುವುದುಂಟು. ಆ ಏರಿಕೆಗೆ ಗಾಬರಿಯಾಗಿ ಇನ್ಸುಲಿನ್ ಕೊಟ್ಟರೆ ಮೂರನೆಯ ಕಿಲೋಮೀಟರಿನಲ್ಲಿ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಬೆಳಗಿನ ಇನ್ಸುಲಿನ್ ತೊಡೆಗೆ ಬೇಡ: ತುಳಿಯುವ ಸ್ನಾಯುವಿನ ಹತ್ತಿರ ಚುಚ್ಚಿದ್ದು ಬೇಗ ರಕ್ತ ಸೇರುತ್ತದೆ. ಸವಾರಿಗೆ ಮುಂಚಿನ ಊಟದ ಇನ್ಸುಲಿನ್ ಪ್ರಮಾಣವನ್ನು ಎಷ್ಟು ತಗ್ಗಿಸಬೇಕೆಂದು ವೈದ್ಯರು ಹೇಳಿರಬೇಕು.

ಸಕ್ಕರೆ ಕುಸಿಯುವ ಲಕ್ಷಣಗಳೆಂದರೆ ಬೆವರು, ನಡುಕ, ಎದೆಬಡಿತ, ಮುಖ ಬಿಳಿಚುವುದು. ಸೈಕಲ್ ತುಳಿಯುವ ಯಾವ ಮಗುವಿಗೆ ಬೆವರು, ಎದೆಬಡಿತ ಇರುವುದಿಲ್ಲ? ಆದ್ದರಿಂದ ಜೊತೆಯ ಸವಾರ ನೋಡಬೇಕಾದ್ದು ಬೇರೆ: ಸೈಕಲ್ ಓಲಾಡುವುದು, ಮಾತಿಗೆ ಉತ್ತರ ತಡವಾಗುವುದು, ಇದ್ದಕ್ಕಿದ್ದಂತೆ ಸಿಡುಕುವುದು, ಗೇರ್ ಹಾಕುವುದನ್ನೇ ಮರೆಯುವುದು. ಅನುಮಾನ ಬಂದರೆ ನಿಲ್ಲಿಸಿ, ಇಳಿಸಿ, ಅಳೆಯಿರಿ. ತೋಳಿಗೆ ಅಂಟಿಸಿದ ಸೆನ್ಸರ್ ಇದ್ದರೂ ಬೆರಳಿನಿಂದಲೇ ಅಳೆಯಿರಿ, ವ್ಯಾಯಾಮದಲ್ಲಿ ಸೆನ್ಸರ್ ಕೆಲವು ನಿಮಿಷ ಹಿಂದಿರುತ್ತದೆ. ಬೆರಳು ತೊಳೆದು ಒರೆಸಿಯೇ ಚುಚ್ಚಬೇಕು: ಹಣ್ಣಿನ ರಸ ಅಂಟಿದ ಬೆರಳು 60 ಇರುವ ಸಕ್ಕರೆಯನ್ನು 160 ಎಂದು ತೋರಿಸಬಲ್ಲದು, ಆ ಸುಳ್ಳು ಸಂಖ್ಯೆ ನಂಬಿ ಮಗುವನ್ನು ಮತ್ತೆ ಸೈಕಲ್ ಹತ್ತಿಸುವುದು ಡೇರೆಯಲ್ಲಿ ಆಗಬಹುದಾದ ಅತಿ ಕೆಟ್ಟ ತಪ್ಪು. ಸ್ಟ್ರಿಪ್ ಡಬ್ಬಿಯೂ ಬಿಸಿಲಿನಲ್ಲಿರಬಾರದು.

70ಕ್ಕಿಂತ ಕೆಳಗಿದ್ದರೆ ಬೇಗ ಹೀರಿಕೊಳ್ಳುವ ಸಕ್ಕರೆ, ಮಗುವಿನ ತೂಕದ ಕಿಲೋಗೆ 0.3 ಗ್ರಾಂ. 30 ಕಿಲೋ ಮಗುವಿಗೆ 9 ಗ್ರಾಂ, 50 ಕಿಲೋಗೆ 15. ಗ್ಲೂಕೋಸ್ ಮಾತ್ರೆ ಹಲವು ಬ್ರ್ಯಾಂಡುಗಳಲ್ಲಿ 4 ಗ್ರಾಮಿನದು. ಹಣ್ಣಿನ ರಸ 100 ಮಿ.ಲೀ.ಗೆ ಸುಮಾರು 10 ಗ್ರಾಂ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಿ. ಚಾಕೊಲೇಟ್ ಬೇಡ, ಅದರಲ್ಲಿನ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ನೀರಿನ ಮೇಜಿನಲ್ಲಿ ಪ್ರಾಯೋಜಕರು ಕೊಟ್ಟ ಸಕ್ಕರೆರಹಿತ ಪಾನೀಯ ಇದ್ದರೆ ಅದನ್ನು ಅಲ್ಲಿಂದ ತೆಗೆಸಿಬಿಡಿ: ಗಡಿಬಿಡಿಯಲ್ಲಿ ಸ್ವಯಂಸೇವಕರು ಅದನ್ನೇ ಕೊಟ್ಟುಬಿಡುತ್ತಾರೆ. ಮಗುವಿಗೆ ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ ಗ್ಲೂಕಗಾನ್ ಚುಚ್ಚುಮದ್ದು ಕೊಡಬೇಕು, 25 ಕಿಲೋಗಿಂತ ಕಡಿಮೆ ತೂಕಕ್ಕೆ 0.5 ಮಿ.ಗ್ರಾಂ, ಮೇಲಿದ್ದರೆ 1 ಮಿ.ಗ್ರಾಂ, ಜೊತೆಗೇ ಆಂಬ್ಯುಲೆನ್ಸ್ ಕರೆಯಬೇಕು. ಇದನ್ನು ಕೊಡಬಲ್ಲವರು ಯಾವ ಡೇರೆಯಲ್ಲಿದ್ದಾರೆಂದು ಎಲ್ಲ ಸ್ವಯಂಸೇವಕರಿಗೂ ತಿಳಿದಿರಬೇಕು.

ಮಗುವಿನ ಇನ್ಸುಲಿನ್ ಸವಾರಿಯ ಜೇಬಿನಲ್ಲಿ ಮೈಗಂಟಿಕೊಂಡು ಬರುವುದು ಬೇಡ, ಡೇರೆಯ ತಂಪು ಚೀಲದಲ್ಲಿರಲಿ. ಆದರೆ ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿಡಿ.

ಕಾಯಿಲೆಯ ಮಕ್ಕಳಿಗೆ ಬೇರೆ ಬಣ್ಣದ ಸಂಖ್ಯಾಪಟ್ಟಿ ಕೊಡುವ ರೂಢಿ ಕೆಲವೆಡೆ ಇದೆ. ಸಹಾಯಕ್ಕೆಂದು ಮಾಡಿದ್ದೇ ಆದರೂ ಮಗುವಿನ ಎದೆಯ ಮೇಲೆ ಕಾಯಿಲೆಯ ಹೆಸರು ಬರೆದಂತೆಯೇ. ಎಲ್ಲ ಸವಾರರ ಪಟ್ಟಿಯ ಹಿಂಬದಿಯಲ್ಲೂ ತುರ್ತು ಸಂಪರ್ಕ, ಕಾಯಿಲೆ, ಔಷಧ ಬರೆಯುವ ಜಾಗ ಮುದ್ರಿಸಿ, ಡೇರೆಯಲ್ಲಿ ಮಾತ್ರ ಸಂಖ್ಯೆಗಳ ಯಾದಿ ಇಟ್ಟುಕೊಳ್ಳಿ. ದೊಡ್ಡವರಲ್ಲೂ ಹೃದಯದ ತೊಂದರೆಯವರು, ಅಲರ್ಜಿಯವರು ಇರುತ್ತಾರೆ, ಅವರಿಗೂ ಅನುಕೂಲ. ಮಗುವಿನ ಫೋಟೋಗೆ ತಾಯ್ತಂದೆಯ ಲಿಖಿತ ಒಪ್ಪಿಗೆ ಬೇಕು, ಮಗುವಿನ ಮನಸ್ಸನ್ನೂ ಕೇಳಬೇಕು. ನೆರವು ಪಡೆಯಲು ಫೋಟೋ ಕೊಡಲೇಬೇಕೆಂಬ ಷರತ್ತು ಸಲ್ಲದು.

ಸವಾರಿ ಮುಗಿದ ಮೇಲೆ ಮನೆಗೆ ಹೋಗುವ ಪ್ರತಿ ಕುಟುಂಬಕ್ಕೂ ಒಂದು ಚೀಟಿ ಕೊಡಿ. ವ್ಯಾಯಾಮದ ನಂತರ ಸ್ನಾಯುಗಳು ಗಂಟೆಗಟ್ಟಲೆ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ, ಹಾಗಾಗಿ ಅದೇ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಕುಸಿಯಬಹುದು. ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಒಮ್ಮೆ ಅಳೆಯಬೇಕು. ರಾತ್ರಿಯ ಇನ್ಸುಲಿನ್ ತಗ್ಗಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಮಧ್ಯಾಹ್ನದ ಸವಾರಿಯಲ್ಲಿ ಈ ಅಪಾಯ ಹೆಚ್ಚು, ಬೆಳಗಿನ ಸವಾರಿಯನ್ನೇ ಆರಿಸಿಕೊಳ್ಳಲು ಇದೂ ಒಂದು ಕಾರಣ. ಆ ರಾತ್ರಿಯ ಹೆಚ್ಚುವರಿ ಪರೀಕ್ಷೆಗೆ ಬೇಕಾದ ಸ್ಟ್ರಿಪ್ಪನ್ನು ಚೀಟಿಯ ಜೊತೆಗೇ ಕೊಡಿ.

ಲೆಕ್ಕಪತ್ರವನ್ನು ಮೂವತ್ತು ದಿನದೊಳಗೆ ಎಲ್ಲ ದಾನಿಗಳಿಗೂ ಕಳಿಸಿ: ಬಂದದ್ದು, ಖರ್ಚಾದದ್ದು, ಎಷ್ಟು ಮಕ್ಕಳು, ಎಷ್ಟು ಡಬ್ಬಿ, ಎಷ್ಟು ಕಾರ್ಟ್ರಿಜ್. ಸಾಮಾನನ್ನು ಹನ್ನೆರಡು ತಿಂಗಳಿನದು ಒಮ್ಮೆಗೇ ಕೊಳ್ಳಬೇಡಿ. ಮಗು ಬೆಳೆದಂತೆ ಪ್ರಮಾಣ ಏರುತ್ತದೆ, ವೈದ್ಯರು ಇನ್ಸುಲಿನ್ ಬಗೆಯನ್ನೇ ಬದಲಿಸಬಹುದು. ಮೂರು ತಿಂಗಳಿಗೊಮ್ಮೆ ಕೊಂಡು ತಿಂಗಳಿಗೊಮ್ಮೆ ಹಂಚಿದರೆ ಹೊಂದಿಸಿಕೊಳ್ಳಲು ಆಗುತ್ತದೆ. ಒಂಬತ್ತನೆಯ ತಿಂಗಳಲ್ಲಿ ಕೂತು ಎಷ್ಟು ಕಂತುದಾರರು ಉಳಿದಿದ್ದಾರೆ ನೋಡಿ. ಮುಂದಿನ ವರ್ಷದ ಕಂತು ಈಗಿರುವ ಮಕ್ಕಳಿಗೆ ಸಾಲುವಂತಿದ್ದರೆ ಮಾತ್ರ ಹೊಸ ಹೆಸರು ಸೇರಿಸಿ. ಸಾಲದಿದ್ದರೆ ಹೊಸ ಸೇರ್ಪಡೆ ನಿಲ್ಲಿಸಿ, ನಿಂತುಹೋದ ಕಂತುದಾರರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ. ಪಕ್ಕಕ್ಕಿಟ್ಟ ಮೂರು ತಿಂಗಳ ಹಣಕ್ಕೆ ಕೈಹಾಕುವ ಮುಂಚೆ ಇನ್ನೂ ಮೂರು ತಿಂಗಳ ಸಮಯ ಉಳಿದಿರುತ್ತದೆ.